ಚುರಮರಿಯ ನಿವ್ವಳ ತೂಕ

ನಮ್ಮ ಸೋದರಮಾವನ ಮನೆಗೆ ಹೋಗುವ ವಿಚಾರವಿದ್ದರೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಚಹಾ ಬರುವ ಮುಂಚೆ ನಿಮ್ಮ ತೂಕ ಆಗುತ್ತದೆ. ಬೇಡವೆಂದರೆ ಚಹಾ ಬರುವುದಿಲ್ಲ. ಒಪ್ಪಿದಿರೋ, ಅವನು ಹೇಳುವ ತೂಕ ನಿಮ್ಮದಾಗಿರುವುದಿಲ್ಲ!

ಮಾವ ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತೆರಡು ವರ್ಷ ಭತ್ತ ತೂಗಿದವನು. ಮೂವತ್ತೆರಡು ಎಂಬುದು ಅವನ ಲೆಕ್ಕ. ನನಗೆ ಮೂವತ್ತು ಎಂದು ನೆನಪು, ಆದರೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಗಿರಣಿಗೆ ಕರೆಂಟಿನ ತೂಕದ ಕಾಟಾ ಬಂದ ದಿನ ಹಳೆಯ ಕಾಟಾವನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದ. ಅಂದಿನಿಂದ ಅಲ್ಲಿ ಕುರ್ಚಿಗೆ ಜಾಗವಿಲ್ಲ. ಬಂದವರು ಕಾಟಾದ ಮೇಲೆಯೇ ಕೂಡುತ್ತಾರೆ, ಕೂತ ಕೂಡಲೇ ತೂಕ ಆಗಿಬಿಡುತ್ತದೆ.

ಅದೂ ಪೂರ್ತಿ ತೂಕವಲ್ಲ. ಗಿರಣಿಯಲ್ಲಿ ಭತ್ತ ತೂಗುವಾಗ ತೇವಕ್ಕೆ ಇಷ್ಟು, ಜೊಳ್ಳಿಗೆ ಇಷ್ಟು, ಚೀಲಕ್ಕೆ ಇಷ್ಟು ಎಂದು ಕಳೆಯುತ್ತಾರಲ್ಲ, ಅದಕ್ಕೆ ಸೂಟು ಎನ್ನುತ್ತಾರೆ. ಮಾವ ಗಿರಣಿ ಬಿಟ್ಟ, ಸೂಟು ಬಿಡಲಿಲ್ಲ. ಧಾರವಾಡದಲ್ಲಿ ಎಮ್ಮೆಸ್ಸಿ ಮುಗಿಸಿ ಬಂದ ನನ್ನನ್ನು ಮೊದಲು ಕಾಟಾದ ಮೇಲೆಯೇ ಹತ್ತಿಸಿದ.

"ಅರವತ್ತೆರಡು. ತೇವಕ್ಕ ಎರಡು, ಜೊಳ್ಳಿಗೆ ಹತ್ತು. ನೀ ಐವತ್ತು, ಅಳಿಯಾ."

"ಜೊಳ್ಳು ಅಷ್ಟ್ಯಾಕ ಮಾವ?"

"ಧಾರವಾಡದಾಗ ತುಂಬಿ ಕಳಿಸ್ಯಾರ. ನಾ ಏನ್ ಮಾಡ್ಲಿ?"

ನೆರೆಮನೆಯ ಹುಡುಗಿಯನ್ನು ನೋಡಲು ಬಂದಿದ್ದ ವರನಿಗೂ ಎಂಟೋ ಒಂಬತ್ತೋ ಕಿಲೋ ಜೊಳ್ಳು ಕಳೆದ. ಮದುವೆ ಏನೋ ಆಯಿತು. ಆ ಬೀಗರು ಮಾತ್ರ ಈಗಲೂ ಬಸ್ ಇಳಿದರೆ ಹಿಂದಿನ ಓಣಿಯಿಂದ ಬರುತ್ತಾರೆ. ಸವಣೂರಿನಿಂದ ಮಾವ ತರುವ ಅರ್ಧ ಕಿಲೋ ಕುರುಕಲು ಖಾರ ಮನೆ ಮುಟ್ಟುವಷ್ಟರಲ್ಲಿ ಮುನ್ನೂರು ಗ್ರಾಂ ಆಗಿರುತ್ತದೆ. ಕೇಳಿದರೆ ಬಾಯಿ ಒರೆಸಿಕೊಂಡು, "ಅದು ದಾರಿ ಸೂಟು" ಎನ್ನುತ್ತಾನೆ.

ಈ ಮನುಷ್ಯನ ಬಗ್ಗೆ ನನಗೊಂದು ಹಳೆಯ ನೆನಪಿದೆ. ನೆನಪೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ ಗೊತ್ತಿಲ್ಲ. ನಾಲ್ಕು ವರ್ಷದವನಿದ್ದಾಗ ನನ್ನ ಹೊಟ್ಟೆಯಲ್ಲಿ ಜಂತು ಆಗಿ, ತಿಂದದ್ದು ಮೈಗೆ ಹತ್ತದೆ ಒಣಗಿಹೋಗಿದ್ದೆನಂತೆ. ಮಾವ ದಿನಾ ಹೊತ್ತೊಯ್ದು ಗಿರಣಿಯಲ್ಲಿ ತೂಗುತ್ತಿದ್ದ. ಅವ್ವ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ನನ್ನ ಚಡ್ಡಿ ಜಾರುತ್ತಿತ್ತು. ಕಿಸೆಯಲ್ಲಿ ಏನೋ ತಣ್ಣಗೆ ತೊಡೆಗೆ ತಾಗುತ್ತಿತ್ತು. ಏನದು ಎಂದು ಮಾವನನ್ನು ಹತ್ತು ಸಲ ಕೇಳಿದ್ದೇನೆ. "ಎಮ್ಮೆಸ್ಸಿ ಓದಿದಾಂವ ಕನಸಿಗೆಲ್ಲಾ ಸಾಕ್ಷಿ ಹುಡುಕ್ತೀಯಲ್ಲೋ!" ಎಂದು ಎದ್ದು ಹೋಗುತ್ತಾನೆ. ನಾನೂ ಅದನ್ನು ಕನಸಿನ ಖಾತೆಗೇ ಹಾಕಿಬಿಟ್ಟಿದ್ದೆ.

ಈಗ ನಾಯಿಮರಿಯ ವಿಷಯ. ತಾಯಿ ನಾಯಿ ಬಸ್ಸಿನ ಗಾಲಿಗೆ ಸಿಕ್ಕಿತ್ತು. ಉಳಿದ ಒಂದೇ ಮರಿ, ಮಾವನ ಓಣಿಯಲ್ಲೇ ಇರುವ ನಮ್ಮ ಮನೆಯ ಹಿತ್ತಲಿಗೆ ಬಂತು. ನಲವತ್ತು ವರ್ಷ ಒಂದು ಬೆಕ್ಕನ್ನೂ ಹೊಸ್ತಿಲು ದಾಟಗೊಡದ ಅವ್ವ ತನ್ನ ಹಳೆಯ ಸೀರೆ ಹರಿದು ಅದಕ್ಕೆ ಹಾಸಿದಳು. ಮಾವ ಅಂಗೈ ಮೇಲೆ ಇಟ್ಟುಕೊಂಡು, ಮಂಡಕ್ಕಿಯಷ್ಟೂ ತೂಕವಿಲ್ಲವೆಂದು ಚುರಮರಿ ಎಂದು ಹೆಸರಿಟ್ಟ.

ಎಂಟು ದಿನದಲ್ಲಿ ಚುರಮರಿಯ ಹೊಟ್ಟೆ ಕೆಟ್ಟಿತು. ತಿಂದದ್ದು ನಿಲ್ಲುವುದಿಲ್ಲ, ಹೊಟ್ಟೆ ಮಾತ್ರ ಡೊಳ್ಳು. ಮಾವ ಬಗ್ಗಿ ಪರೀಕ್ಷಿಸಿದ.

"ಹೊಟ್ಟಿ ನೋಡಿದ್ರ ತುಂಬಿದ ಚೀಲ, ಬೆನ್ನು ನೋಡಿದ್ರ ಖಾಲಿ ಚೀಲ. ನಡುವ ಯಾರೋ ತಿನ್ನಾಕತ್ತಾರ, ಅಕ್ಕಾ."

ರೋಗನಿರ್ಣಯ ಸರಿಯಾಗಿಯೇ ಇತ್ತು. ಹಾನಗಲ್ಲಿನ ದನದ ದವಾಖಾನೆಗೆ ಒಯ್ದೆವು. ಬಸ್ಸಿನಲ್ಲಿ ಕಂಡಕ್ಟರ್ ಚೀಲದಲ್ಲೇನು ಎಂದು ಕೇಳಿದ. "ಚುರಮರಿ ರೀ" ಎಂದ ಮಾವ. ಚೀಲ ಕುಂಯ್ ಎಂದಿತು. ಕಂಡಕ್ಟರ್ ಏನೂ ಕೇಳಿಸದವನಂತೆ ಮುಂದೆ ಹೋದ.

ಡಾಕ್ಟರ್ ಎಳೆಯ ವಯಸ್ಸಿನ ಹೆಣ್ಣುಮಗಳು. ಜಂತುಹುಳ ಎಂದರು. ಔಷಧ ತೂಕದ ಮೇಲೆ ಕೊಡಬೇಕು, ಎಷ್ಟಿದೆ ಎಂದು ಕೇಳಿದರು.

"ಒಂದೂವರಿ ಕೆಜಿ ರೀ, ಖಡಕ್. ಮೂವತ್ತೆರಡು ವರ್ಷ ತೂಗಿದ ಕೈ ರೀ ಇದು!"

ಡಾಕ್ಟರ್ ಆ ಕೈಯನ್ನು ನಂಬಿದರು. ಒಂದೂವರೆ ಕಿಲೋದ ಲೆಕ್ಕದಲ್ಲಿ ಮೂರು ದಿನದ ಔಷಧ ಬರೆದರು. ಹಾಲು ಬೇಡ, ತೆಳ್ಳಗಿನ ಗಂಜಿ ಕೊಡಿ ಎಂದರು. ಮೂರು ದಿನದಲ್ಲಿ ಒಂದಿಷ್ಟು ಹುಳ ಬಿದ್ದವು. ಮಾವ ಕಡ್ಡಿಯಿಂದ ಬಿಡಿಸಿ, ಉದ್ದ ನೋಡಿ, "ಶಾವಿಗಿ ಇದ್ದಂಗ ಅದಾವ" ಎಂದು ಮನೆಮಂದಿಗೆಲ್ಲ ತೋರಿಸಿದ. ಆ ವರ್ಷ ನಮ್ಮಲ್ಲಿ ಶಾವಿಗೆ ಪಾಯಸ ಆಗಲಿಲ್ಲ.

ಆರನೆಯ ದಿನ ಮರಿ ಮತ್ತೆ ಮಲಗಿತು. ಈ ಸಲ ವಾಂತಿಯೂ ಸೇರಿತ್ತು. ಕರೆದರೆ ತಲೆ ಎತ್ತಲಿಲ್ಲ, ಬಾಲದ ತುದಿ ಮಾತ್ರ ಒಮ್ಮೆ ಅಲ್ಲಾಡಿತು. ಮತ್ತೆ ಹಾನಗಲ್. ಡಾಕ್ಟರ್ ಈ ಬಾರಿ ತಾವೇ ತೂಗಿದರು.

"ಅಜ್ಜಾರ, ಇಷ್ಟು ಸೊರಗಿದ ಮ್ಯಾಲೂ ಎರಡೂಕಾಲು ತೋರಸಾಕತ್ತೈತಿ! ನೀವು ಒಂದೂವರಿ ಅಂದಿದ್ರಿ?"

"ಅವತ್ತ ಎರಡೂವರಿ ಇತ್ರಿ" ಎಂದ ಮಾವ, ಗಿರಣಿ ಮಾಲಕನಿಗೆ ವರದಿ ಒಪ್ಪಿಸುವವನಂತೆ. "ತೇವಕ್ಕ ಕಾಲು, ತೊಗಲಿಗೆ ಕಾಲು, ಹುಳಕ್ಕ ಅರ್ಧ ಸೂಟು ತಗದೆ. ಹುಳದ ತೂಕ ಕುನ್ನಿ ಹೆಸರಿಗೆ ಯಾಕ ಹಾಕಬೇಕ್ರಿ?"

ಡಾಕ್ಟರ್ ಪೆನ್ನಿನ ಮುಚ್ಚಳ ತೆಗೆದು ಹಳೆಯ ಚೀಟಿಯ ಮೇಲೆ ಗೀಟು ಎಳೆದರು. "ನಂಗ ಕಾಲೇಜಿನಾಗ ಈ ಲೆಕ್ಕ ಯಾರೂ ಕಲಿಸಿಲ್ರಿ. ಔಷಧ ಕಡಿಮಿ ಬಿದ್ದೈತಿ, ಅಜ್ಜಾರ. ನೀವು ಹುಳದ ಕಡೆ ದಲ್ಲಾಳಿ ಆದ್ರಿ."

ನಾನು ನಕ್ಕೆ. ಮಾವ ನಗಲಿಲ್ಲ. ಮರಿಗೆ ಸಲೈನ್ ಹಾಕಿ, ಪೂರ್ತಿ ತೂಕದ ಔಷಧ ಕೊಟ್ಟು, ದಿನಾ ಬೆಳಿಗ್ಗೆ ತೂಗಿ ಫೋನ್ ಮಾಡಿ, ಎರಡು ಕಿಲೋಗಿಂತ ಇಳಿದರೆ ಕೂಡಲೇ ತನ್ನಿ ಎಂದು ಹೇಳಿ ಕಳಿಸಿದರು. ಹಾನಗಲ್ಲಿನಿಂದ ಅಕ್ಕಿಆಲೂರಿನವರೆಗೆ ಮಾವ ಮರಿಯ ಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ. ಬಸ್ಸಿನಲ್ಲಿ ಎದುರಿಗೆ ಒಬ್ಬ ಧಡೂತಿ ಮನುಷ್ಯ ಕೂತಿದ್ದ. ಅವನಿಂದಲೂ ಏನೂ ಕಳೆಯಲಿಲ್ಲ!

ಮನೆಯಲ್ಲಿ ಇನ್ನೊಂದು ಸಂಕಟ ಕಾದಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ತಿರುಗಿ ಬೀಳುತ್ತಾಳೆ. ಅವಳು ಮರಿಯ ಪಕ್ಕ ಕೂತು, "ಅದು ತಿನ್ನಲಿ, ಆಮ್ಯಾಲ ನಾ ತಿಂತೇನಿ" ಎಂದು ತಾಟು ದೂರ ಸರಿಸಿದಳು.

ಮರುದಿನ ಬೆಳಿಗ್ಗೆ ಮಾವ ಕೈತಕ್ಕಡಿ ಹಿಡಿದು ಬಂದ. ಅವ್ವನ ಎದುರಿಗೇ ಮರಿಯನ್ನು ಒಂದು ತಟ್ಟೆಯಲ್ಲಿ ಮಲಗಿಸಿ, ಇನ್ನೊಂದಕ್ಕೆ ತೂಕದ ಕಬ್ಬಿಣದ ಬಟ್ಟು ಹಾಕಿ, ಬಲಗೈಯಿಂದ ತಕ್ಕಡಿ ಎತ್ತಿದ. ಎಡಗೈ ಮರಿ ಬೀಳದಂತೆ ಹಿಡಿದಿತ್ತು.

"ಎರಡು ಕಿಲೋ ಮುನ್ನೂರು, ಅಕ್ಕಾ. ಏರಾಕತ್ತೈತಿ."

ಅವ್ವ ಅರ್ಧ ರೊಟ್ಟಿ ತಿಂದಳು. ನಾನು ಓದಿದವನು, ಸಂಶಯ ನನ್ನ ಕಸುಬು. ಎದ್ದು ನಿಲ್ಲಲಾರದ ಮರಿ ಬೀಳುವುದಾದರೂ ಹೇಗೆ? ಮಾವನ ಹಿಂದೆಯೇ ಹಿತ್ತಲಿಗೆ ಹೋದೆ. ಅವನು ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದ.

"ಎರಡು ಕಿಲೋ ನೂರು ರೀ, ಮೇಡಮ್ಮಾರ. ಇಲ್ರಿ, ಸೂಟು ತಗದಿಲ್ರಿ. ಖರೇ ತೂಕ."

ಮರುದಿನ ತಕ್ಕಡಿಯನ್ನೇ ನೋಡುತ್ತ ನಿಂತೆ. ಎಡಗೈಯ ಕಿರುಬೆರಳು ಮರಿಯ ತಟ್ಟೆಯ ಅಂಚನ್ನು ಮೆಲ್ಲಗೆ ಒತ್ತುತ್ತಿತ್ತು. ಅವ್ವನಿಗೆ ಎರಡು ಮುನ್ನೂರೈವತ್ತು, ಡಾಕ್ಟರಿಗೆ ಎರಡು ಐವತ್ತು. ಜೀವಮಾನವೆಲ್ಲ ಕಳೆದೇ ಬಂದವನು ಈಗ ಕೂಡಿಸುತ್ತಿದ್ದ! ಮೂರನೆಯ ದಿನವೂ ಅಷ್ಟೇ. ಎರಡು ಕಿಲೋಗೂ ಮರಿಗೂ ನಡುವೆ ಐವತ್ತೇ ಗ್ರಾಂ ಉಳಿದಿತ್ತು. ನಾನು ಬಾಯಿ ತೆರೆದೆ. ಮಾವ ನನ್ನನ್ನು ನೋಡಿದ. ಮುಚ್ಚಿಕೊಂಡೆ. ಅವ್ವ ಅರ್ಧ ರೊಟ್ಟಿ ತಿಂದು ಉಳಿದರ್ಧ ಮುಚ್ಚಿಟ್ಟಳು.

ನಾಲ್ಕನೆಯ ದಿನ ಬೆಳಿಗ್ಗೆ ಗಂಜಿಯ ಬಟ್ಟಲು ಖಾಲಿಯಾಗಿತ್ತು. ಮಾವ ಮರಿಯನ್ನು ತಟ್ಟೆಗೆ ಇಟ್ಟ. ಅದು ಎದ್ದು ಕೂತು ಅವನ ಬೆರಳು ನೆಕ್ಕಲು ಹೊರಟಿತು. ಈ ದಿನ ಅದು ನಿಜವಾಗಿಯೂ ಬೀಳುವಂತಿತ್ತು. ಆದರೂ ಮಾವ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಎರಡು ಇನ್ನೂರು, ಅಕ್ಕಾ."

ನಿನ್ನೆ ಹೇಳಿದ್ದಕ್ಕಿಂತ ಕಡಿಮೆ! ಇನ್ನು ಅವ್ವ ತಾಟು ಸರಿಸುತ್ತಾಳೆ ಎಂದುಕೊಂಡೆ. ಅವಳು ನೋಡುತ್ತಿದ್ದದ್ದು ಬಟ್ಟನ್ನಲ್ಲ.

"ಇವತ್ತ ಕೈ ತಗದಿಯಲ್ಲೋ ತಮ್ಮಾ. ಹಂಗಾರ ಉಳೀತು ಬಿಡು."

ಮಾವ ತಕ್ಕಡಿ ಕೆಳಗಿಟ್ಟ. "ನಿಂಗ ಗೊತ್ತಿತ್ತೇನು?"

"ಮತ್ತ? ತೂಕ ಹೆಚ್ಚ ತೋರಸಾಕ ನೀ ಇಟ್ಟಂಥ ಬಟ್ಟಿನ ತುಕ್ಕಿನ ಕಲೆ ಇವನ ಚಡ್ಡಿ ಕಿಸೆದಾಗ ಬೀಳ್ತಿತ್ತು. ಆ ಚಡ್ಡಿ ಒಗದಾಕಿ ಯಾರು? ಆವಾಗೂ ನಿನ್ನ ಮನಸಿಗೆ ಬ್ಯಾಸರ ಆಗಬಾರ್ದಂತ ಅರ್ಧ ರೊಟ್ಟಿ ತಿಂತಿದ್ದೆ."

ನನ್ನ ತೊಡೆಗೆ ನಲವತ್ತು ವರ್ಷದ ಹಿಂದಿನ ಕಬ್ಬಿಣ ತಣ್ಣಗೆ ತಾಗಿತು. ಕೇಳಿಯೇಬಿಟ್ಟೆ: "ಅವ್ವಾ, ನಾ ಉಳೀತೇನಂತ ನಿಂಗ ಯಾವಾಗ ಗೊತ್ತಾತು?"

ಅವ್ವ ತಾಟನ್ನು ಹತ್ತಿರ ಎಳೆದುಕೊಂಡಳು. ರೊಟ್ಟಿ ಮುರಿದಳು.

"ಒಂದಿನ ಕಿಸೆ ಸ್ವಚ್ಛ ಇತ್ತು. ಅವತ್ತ ನಾ ಹೊಟ್ಟಿ ತುಂಬ ಉಂಡೆ."