ರೊಟ್ಟಿ ಗಾಡಿಗೊಂದು ಜೀಪು

ನಿರ್ಧಾರ ತೆಗೆದುಕೊಳ್ಳುವ ವಿಷಯದಲ್ಲಿ ನಾನು ಯಾವತ್ತೂ ಮುಂದಿನ ಸಾಲಿನವನಲ್ಲ. ಹೋಟೆಲಿನಲ್ಲಿ ಮಾಣಿ ಬಂದು ನಿಂತರೆ ಎದುರಿಗೆ ಕುಳಿತವರು ಹೇಳುವುದನ್ನು ಕಾಯ್ದು “ನನಗೂ ಅದೇ” ಎಂದುಬಿಡುತ್ತೇನೆ. ಒಬ್ಬನೇ ಹೋಗಿದ್ದರೆ ಪಕ್ಕದ ಮೇಜಿನವರ ತಟ್ಟೆ ನೋಡುತ್ತೇನೆ. ನನ್ನ ಅಂಗಿಯ ಬಣ್ಣವನ್ನು ಆರಿಸುವವಳು ಹೆಂಡತಿ. ಆ ಹೆಂಡತಿಯನ್ನು ಆರಿಸಿದವಳು ನನ್ನ ದೊಡ್ಡಮ್ಮ. ಎರಡು ಆಯ್ಕೆಗಳೂ ಚೆನ್ನಾಗಿಯೇ ಬಂದದ್ದರಿಂದ, ಬೇರೆಯವರು ಯೋಚನೆ ಮಾಡಿದ್ದು ನನಗೆ ಹೊಂದುತ್ತದೆ ಎಂಬ ನಂಬಿಕೆ ಗಟ್ಟಿಯಾಗಿಬಿಟ್ಟಿದೆ. ಇಂಥವನ ತಲೆಯ ಮೇಲೆ ಹೋದ ವರ್ಷ ಒಂದು ಪ್ರಶ್ನೆ ಬಂದು ಬಿತ್ತು. ತಿಂಗಳಿಗೆ ಒಂದೆರಡು ಸಲ ಟ್ರೈಲರ್ ಎಳೆಯುವುದಕ್ಕೆ ಗಾಡಿಯನ್ನು ಬಾಡಿಗೆಗೆ ಹಿಡಿಯಬೇಕೋ, ಕೊಂಡೇ ಬಿಡಬೇಕೋ?

ಟ್ರೈಲರ್ ಎಂದರೆ ದೊಡ್ಡ ಲಾರಿಯ ಹಿಂದೆ ಕಬ್ಬಿಣದ ಸರಳು ಹೇರಿಕೊಂಡು ಹೋಗುವಂಥದ್ದಲ್ಲ. ಎರಡು ಚಕ್ರದ ಮೇಲೆ ಕೂರಿಸಿದ ಒಂದು ಪುಟ್ಟ ಅಡುಗೆಮನೆ. ಒಂದು ಬದಿಯ ತಗಡನ್ನು ಮೇಲೆತ್ತಿ ಆಸರೆಗೆ ಕೋಲು ಕೊಟ್ಟರೆ ಅಂಗಡಿಯಾಗುತ್ತದೆ; ಒಳಗೆ ಒಲೆ, ಕಟ್ಟೆ, ಒಬ್ಬರು ನಿಲ್ಲುವಷ್ಟು ಜಾಗ. ಮುಂದೆ ಎತ್ತಿನ ಗಾಡಿಯ ಮೂಕಿಯಂತೆ ಚಾಚಿಕೊಂಡ ಕಬ್ಬಿಣದ ತೊಲೆ. ಮೂಕಿಗೆ ಎತ್ತು ಕಟ್ಟುವ ಜಾಗದಲ್ಲಿ ಇದಕ್ಕೆ ಜೀಪೋ ಇನ್ನೊಂದೋ ಕಟ್ಟಬೇಕು. ಅದು ನಮ್ಮ ಹತ್ತಿರ ಇರಲಿಲ್ಲ.

ಟ್ರೈಲರ್ ಬಂದದ್ದು ನನ್ನ ಹೆಂಡತಿ ಗಿರಿಜಾಳಿಂದ. ನಾನು ದಾವಣಗೆರೆಯವನು, ಅವಳು ಗದಗಿನವಳು. ಇಂದಿರಾನಗರದಲ್ಲಿ ನನ್ನ ಕಚೇರಿ, ಹೊಸ ತಿಪ್ಪಸಂದ್ರದಲ್ಲಿ ಬಾಡಿಗೆ ಮನೆ. ಮೊದಲು ಪಕ್ಕದ ಮನೆಯವರಿಗೆಂದು ಅವಳು ಬಡಿದ ಜೋಳದ ರೊಟ್ಟಿ ನಿಧಾನವಾಗಿ ಬೀದಿಗೆಲ್ಲ ಹಬ್ಬಿತು. ಆಮೇಲೆ ಕೆ.ಆರ್. ಪುರದ ಆಚೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನವರು, ತಮ್ಮ ಆವರಣದಲ್ಲಿ ನಡೆಯುವ ಭಾನುವಾರದ ಸಂತೆಗೆ ಬರುತ್ತೀರಾ ಎಂದು ಕೇಳಿದರು. ಮೊದಲ ಸಲ ಮೇಜು ಹಾಕಿ ಒಲೆ ಹಚ್ಚಿದೆವು. ಗಾಳಿಗೆ ಒಲೆ ಆರಿತು, ರೊಟ್ಟಿಯೂ ಆರಿತು, ಕೊನೆಗೆ ಗಿರಿಜಾಳ ಮುಖವೂ ಆರಿತು. ಅದೇ ಸಂತೆಯಲ್ಲಿ ಕಟ್ಲೆಟ್ ತಿನ್ನಲು ಬಂದಿದ್ದ ಆಂಟನಿ ಅಂಕಲ್ ಪರಿಚಯವಾದರು. ಪುಲಿಕೇಶಿನಗರದ ಹಳೆಯ ಮನೆಯವರು. ಮೊಣಕಾಲು ಸೋಲುವ ತನಕ ಚರ್ಚಿನ ಜಾತ್ರೆಗಳಲ್ಲಿ ತಾವೂ ಕಟ್ಲೆಟ್ ಮಾರುತ್ತಿದ್ದವರು. ಅವರ ಮನೆಯ ಹಿತ್ತಲಲ್ಲಿ ಈ ಟ್ರೈಲರ್ ಸುಮ್ಮನೆ ನಿಂತಿತ್ತು. ಗಿರಿಜಾ ಹೋಗಿ ನೋಡಿದಳು, ಒಲೆ ಹಚ್ಚಿದಳು, ಒಳಗೆ ನಿಂತು ಕೈ ಆಡಿಸಿದಳು, ಕೊಳ್ಳುವ ಮಾತು ಮುಗಿಸಿಯೇಬಿಟ್ಟಳು.

“ಅಂಕಲ್, ಇದನ್ನ ಎಳೆಯೋದು ಕಷ್ಟ ಅಲ್ವಾ?” ಎಂದು ನಾನು ಕೇಳಿದೆ.

“ನೋ ಮ್ಯಾನ್. ಮುಂದೆ ಹೋದ್ರೆ ಮಗು ಥರ ಹಿಂದೆ ಬರತ್ತೆ. ಹಿಂದೆ ತಳ್ಳಿದ್ರೆ ಮಾತ್ರ ಮಗು ಥರ ಹಟ ಮಾಡತ್ತೆ” ಎಂದರು. ನಾನು ಮೊದಲ ವಾಕ್ಯವನ್ನಷ್ಟೇ ಕೇಳಿಸಿಕೊಂಡೆ.

ನಮ್ಮ ಬಳಿ ಇದ್ದದ್ದು ಒಂದು ಪುಟ್ಟ ಕಾರು. ಅದಕ್ಕೇ ಒಂದು ಕೊಕ್ಕೆ ಹಾಕಿಸಿದರಾಯಿತು ಎಂದುಕೊಂಡು ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಹಿಂದಿರುವ ಬಾಬುಭಾಯಿಯ ಗ್ಯಾರೇಜಿಗೆ ಹೋದೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಬಂಪರನ್ನು ಪ್ರೀತಿಯಿಂದ ತಟ್ಟಿದರು. “ಹಾಕ್ತೀನಿ ಸಾಬ್, ಹಾಕ್ದೆ ಏನು. ಆಮೇಲೆ ನೀವು ಗಾಡಿ ಎಳೀತೀರ. ಟ್ರೈಲರ್ ನಿಂತಲ್ಲೇ ಇರತ್ತೆ, ಬಂಪರೂ ಅದರ ಜೊತೆ ಇರತ್ತೆ. ನೀವು ಮಾತ್ರ ಮನೆಗೆ ಹೋಗ್ತೀರ.”

ಹೀಗೆ ಪ್ರಶ್ನೆ ಹುಟ್ಟಿತು. ನಾನು ನನ್ನ ಪದ್ಧತಿಯಂತೆ ಪಕ್ಕದ ಮೇಜಿನ ತಟ್ಟೆಗಳನ್ನು ನೋಡಲು ಹೊರಟೆ. ಕಚೇರಿಯಲ್ಲಿ ಪ್ರಕಾಶ ಎಂಬ ಗೆಳೆಯನಿದ್ದಾನೆ. ಅವನಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿದೆ, ಅದನ್ನು ಅವನು ಬಿಳಿ ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಾನೆ. “ಮಗಾ, ತಿಂಗಳಲ್ಲಿ ಒಂದಿನದ ಕೆಲಸಕ್ಕೆ ಯಾರಾದ್ರೂ ಜೀಪ್ ತಗೋತಾರಾ? ಮಿಕ್ಕ ದಿನ ಅದು ಏನ್ ಮಾಡತ್ತೆ ಹೇಳು. ನಿಂತಿರತ್ತೆ. ನಿಂತ ಗಾಡಿ ಅಂದ್ರೆ ವೇಸ್ಟ್ ಗುರು. ಬಾಡಿಗೆಗೆ ತಗೋ, ಎಳಿ, ವಾಪಸ್ ಕೊಡು, ಮರೆತುಬಿಡು.” ಹಲಗೆಯ ಮೇಲೆ ಒಂದು ಜೀಪು ಬರೆದು ಅದಕ್ಕೆ ಅಡ್ಡಗೆರೆ ಎಳೆದ. ನನಗೆ ಪೂರ್ತಿ ಒಪ್ಪಿಗೆಯಾಯಿತು. ಪ್ರಕಾಶನ ಮನೆಯಲ್ಲಿ ಅವನೇ ಕೊಂಡ ಟ್ರೆಡ್‌ಮಿಲ್ಲಿನ ಮೇಲೆ ಬಟ್ಟೆ ಒಣಗುತ್ತಿರುವುದು ಸಂಜೆ ಬಸ್ಸಿನಲ್ಲಿ ನೆನಪಾಯಿತು. ಆಗ ಅವನ ಮಾತಿನ ತೂಕ ಹೆಚ್ಚಿತೋ ಕಡಿಮೆಯಾಯಿತೋ ಗೊತ್ತಾಗಲಿಲ್ಲ.

ಮನೆಯ ಮಾಲೀಕರು ನಾರಾಯಣರೆಡ್ಡಿಯವರು. ಊರು ಊರಾಗಿದ್ದ ಕಾಲದಲ್ಲಿ ಇಲ್ಲಿ ಅವರ ಹಿರಿಯರ ರಾಗಿ ಹೊಲಗಳಿದ್ದವಂತೆ. ಈಗ ಅದೇ ನೆಲದಲ್ಲಿ ಮನೆಗಳು ಬೆಳೆದಿವೆ, ರೆಡ್ಡಿಯವರು ತಿಂಗಳಿಗೊಂದು ಕೊಯ್ಲು ಮಾಡುತ್ತಾರೆ. ಅಂಕಲ್ ಯಾರದೋ ಗಾಡಿಗೆ ಕಟ್ಟಿಸಿ ಕಳಿಸಿದ ಟ್ರೈಲರನ್ನು ನಿಲ್ಲಿಸಲು ಪಕ್ಕದ ತಮ್ಮ ಖಾಲಿ ಸೈಟನ್ನು ಕೊಟ್ಟವರೂ ಅವರೇ. ಆ ತಿಂಗಳ ಬಾಡಿಗೆ ಕೊಡಲು ಹೋದಾಗ ವಿಷಯ ಹೇಳಿದೆ. ಅವರು ನನ್ನ ಕೈಯಿಂದ ಬಾಡಿಗೆ ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳುತ್ತಾ ಅಂದರು, “ಬಾಡಿಗೆ ಕೊಡೋದಾ? ಬ್ಯಾಡ ಸಾರ್. ಬಾಡಿಗೆ ಅನ್ನೋದು ಮೋರೀಗ್ ಸುರಿದಂಗೆ. ಕೊಟ್ಟಿದ್ದು ಯಾವತ್ತಾದ್ರೂ ವಾಪಸ್ ಬರ್ತದಾ? ಸ್ವಂತದ್ದು ತಗೊಂಬಿಡಿ.”

ನಾನು ಅವರ ಜೇಬನ್ನೇ ನೋಡುತ್ತಿದ್ದೆ. ಅವರಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. “ಜೀಪ್ ತಗೊಂಡ್ರೆ ನಿಲ್ಲಿಸೋಕೆ ಜಾಗ?” ಎಂದು ಕೇಳಿದೆ.

“ಸೈಟಲ್ಲೇ ನಿಲ್ಸಿ. ಅದಕ್ ಬೇರೆ ಬಾಡಿಗೆ ಮಾತಾಡ್ಕಳಣ” ಎಂದರು.

ಗಿರಿಜಾ ಈ ವರದಿಗಳನ್ನೆಲ್ಲ ಹಿಟ್ಟು ನಾದುತ್ತಾ ಕೇಳಿದಳು. “ನೀವು ಊರ ಮಂದೀನ್ನೆಲ್ಲಾ ಕೇಳೂದು ಮುಗೀಲಿ. ಈ ಭಾನುವಾರಕ್ಕ ಮಾತ್ರ ಏನರೆ ಮಾಡ್ರಿ” ಎಂದಳು. ಭಾನುವಾರಕ್ಕೆ ಬಾಡಿಗೆಯೇ ಗತಿ. ಮೊಬೈಲಿನಲ್ಲಿ ಸಿಗುವ, ನಾವೇ ಓಡಿಸಿಕೊಳ್ಳುವ ಬಾಡಿಗೆ ಕಾರಿನವರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ತುಂಬ ವಿನಯದಿಂದ ಮಾತಾಡಿದಳು. ಟ್ರೈಲರ್ ಎಂಬ ಶಬ್ದ ಬಂದೊಡನೆ ವಿನಯ ಹಾಗೇ ಇಟ್ಟುಕೊಂಡು ಆಗುವುದಿಲ್ಲ ಎಂದಳು. ನಾಯಿಯನ್ನಾದರೂ ಕರೆದುಕೊಂಡು ಹೋಗಬಹುದು, ಹಿಂದೆ ಏನನ್ನೂ ಕಟ್ಟುವಂತಿಲ್ಲ. ಕೊನೆಗೆ ಕೆ.ಆರ್. ಪುರದ ವೆಂಕಟೇಶ ಸಿಕ್ಕಿದ. ಅವನದೇ ಜೀಪು, ಹಿಂದೆ ಕೊಕ್ಕೆಯೂ ಇತ್ತು, ಅವನೇ ಓಡಿಸುತ್ತಿದ್ದ. ಮದುವೆಗಳಿಗೆ ಬಾಡಿಗೆ ಹೊಡೆಯುವುದು ಅವನ ಮುಖ್ಯ ಕಸುಬು.

ಮೊದಲ ಭಾನುವಾರ ಅವನು ತಡವಾಗಿ ಬಂದ, ಮದುಮಗನನ್ನು ಇಳಿಸಿ ನೇರವಾಗಿ ಬಂದಿದ್ದ. ಜೀಪಿನ ತುಂಬ ಸೇವಂತಿಗೆ, ಗುಲಾಬಿ, ಮುಂದಿನ ಗಾಜಿನ ಮೇಲೆ ವಧೂವರರ ಹೆಸರು. ಬಿಚ್ಚಲು ಹೊತ್ತಿರಲಿಲ್ಲ. ಹಾಗೆಯೇ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಹೋದಾಗ ಕಾವಲುಗಾರ ಸೆಲ್ಯೂಟ್ ಹೊಡೆದ, ಮಕ್ಕಳು ಓಡಿ ಬಂದರು, ಒಬ್ಬ ಹಿರಿಯ ಮಹಿಳೆ ಗಿರಿಜಾಳನ್ನು ನೋಡಿ “ಮದುವೆ ಆಯ್ತಾಮ್ಮಾ? ಚೆನ್ನಾಗಿರು” ಎಂದು ಹರಸಿದರು. ಆಮೇಲೆ ನನ್ನನ್ನು ನೋಡಿ ಅವಳನ್ನು ಇನ್ನೊಮ್ಮೆ ಹರಸಿದರು. ಆ ದಿನ ರೊಟ್ಟಿಯೆಲ್ಲ ಖರ್ಚಾಯಿತು. ಬಾಡಿಗೆಯೇ ಸರಿ ಎಂದು ನಾನು ಪ್ರಕಾಶನಿಗೆ ಫೋನು ಮಾಡಿ ಹೇಳಿದೆ.

ಮುಂದಿನ ಸಂತೆಯ ದಿನ ವೆಂಕಟೇಶ ಬರಲೇ ಇಲ್ಲ. ಗಿರಿಜಾ ಬೆಳಗಿನ ಜಾವವೇ ಎದ್ದು ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ ಎಲ್ಲ ಮಾಡಿ ಟ್ರೈಲರಿನಲ್ಲಿ ಜೋಡಿಸಿದ್ದಳು. ನಾನು ಫೋನಿನ ಮೇಲೆ ಫೋನು ಮಾಡಿದೆ. ಕೊನೆಗೆ ಅವನು ಎತ್ತಿದಾಗ ಹಿಂದೆ ನಾದಸ್ವರ ಕೇಳಿಸುತ್ತಿತ್ತು. “ಸಾರ್, ಇಲ್ಲಿ ಮುಹೂರ್ತ ಲೇಟಾಗೋಯ್ತು. ಹುಡುಗಿ ಇನ್ನೂ ರೆಡಿ ಆಗಿಲ್ಲ. ನಾನೇನ್ ಮಾಡ್ಲಿ?” ಎಂದ. ನ್ಯಾಯವಾದ ಪ್ರಶ್ನೆಯೇ. ಮಧ್ಯಾಹ್ನ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ಫೋನು ಮಾಡಿ, ಮುಂದಿನ ಸಲವೂ ಹೀಗಾದರೆ ಆ ಜಾಗವನ್ನು ದೋಸೆಯವರಿಗೆ ಕೊಡಬೇಕಾಗುತ್ತದೆ ಎಂದರು. ಗಿರಿಜಾ ಅಡುಗೆಯನ್ನೆಲ್ಲ ಬೀದಿಯವರಿಗೆ ಹಂಚಿದಳು. ಎಲ್ಲರೂ ಹೊಗಳಿ ಹೊಗಳಿ ತಿಂದರು. ಖಾಲಿ ಪಾತ್ರೆಗಳನ್ನು ತೊಳೆಯುವಾಗ ಅವಳು ನನಗೆ ಬೆನ್ನು ಮಾಡಿ ನಿಂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಬಾಡಿಗೆ ಬೇಡವೇ ಬೇಡ, ರೆಡ್ಡಿಯವರೇ ಸರಿ ಎಂದು ಅಂದು ತೀರ್ಮಾನಿಸಿದೆ.

ಆದರೆ ತೀರ್ಮಾನಿಸಿದ ಮೇಲೂ ನಾನು ನಾನೇ ಅಲ್ಲವೇ. ಡೀಸೆಲ್ಲೋ ಪೆಟ್ರೋಲೋ, ಹಳೆಯದೋ ಹೊಸದೋ, ವಿಮೆ ಜೀಪಿಗೊಂದೋ ಟ್ರೈಲರಿಗೂ ಬೇರೆಯೋ ಎಂದು ಕೇಳುತ್ತಾ ಹೊರಟರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಳಿಸುತ್ತಿದ್ದರು. ಅಂತೂ ಹಲಸೂರಿನ ಷಣ್ಮುಗಂ ಎಂಬ ನಿವೃತ್ತರು ತಮ್ಮ ಹಳೆಯ ಜೀಪನ್ನು ಮಾರುವವರಿದ್ದಾರೆಂದು ತಿಳಿಯಿತು. ಕೊಕ್ಕೆಯೂ ಅದರಲ್ಲಿತ್ತು. ಅವರು ತುಂಬ ಒಳ್ಳೆಯವರು. “ಟ್ರೈಲರ್ ಕಟ್ಟಿ ಓಡ್ಸಿ ನೋಡಿ ಸಾರ್, ಮನಸ್ಸಿಗೆ ಬಂದ್ರೆ ತಗೊಳ್ಳಿ” ಎಂದು ತಾವೇ ಜೀಪನ್ನು ನಮ್ಮ ಮನೆಯ ತನಕ ತಂದರು. ನಾನು ಓಡಿಸಲು ಕೂತೆ, ಪಕ್ಕದಲ್ಲಿ ಷಣ್ಮುಗಂ, ಹಿಂದಿನ ಸೀಟಿನಲ್ಲಿ ಗಿರಿಜಾ.

ಮುಂದೆ ಹೋಗುವಾಗ ಅಂಕಲ್ ಹೇಳಿದಂತೆಯೇ ಆಯಿತು. ಟ್ರೈಲರ್ ಮಗುವಿನಂತೆ ಹಿಂದೆ ಬಂತು. ನನಗೆ ಎಷ್ಟು ಧೈರ್ಯ ಬಂತೆಂದರೆ ಮಾರ್ಕೆಟ್ ರಸ್ತೆಗೆ ತಿರುಗಿಸಿದೆ. ಅಲ್ಲಿ ಎದುರಿಗೆ ಒಂದು ನೀರಿನ ಟ್ಯಾಂಕರ್ ಬಂದು ನಿಂತಿತು. ಅದು ಹಿಂದೆ ಹೋಗುವಂತಿರಲಿಲ್ಲ, ನಾನೇ ಹೋಗಬೇಕು. ಟ್ರೈಲರ್ ಬಲಕ್ಕೆ ಹೋಗಲಿ ಎಂದು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದೆ, ಅದು ಎಡಕ್ಕೆ ಹೋಯಿತು. ತಪ್ಪು ತಿಳಿಯಿತು, ಎಡಕ್ಕೆ ತಿರುಗಿಸಿದೆ. ಆಗ ಜೀಪು ಎಡಕ್ಕೆ ಬಂತು, ಟ್ರೈಲರ್ ಎಲ್ಲಿತ್ತೋ ಅಲ್ಲೇ ಮುನಿಸಿಕೊಂಡು ನಿಂತಿತು. ಇನ್ನೊಂದೆರಡು ಸಲ ಹಿಂದೆ ಮುಂದೆ ಮಾಡುವಷ್ಟರಲ್ಲಿ ಎರಡೂ ಸೇರಿ ರಸ್ತೆಗೆ ಅಡ್ಡಲಾಗಿ ಮಡಚಿಕೊಂಡವು. ಕನ್ನಡಿಯಲ್ಲಿ ನನಗೆ ಕಂಡದ್ದು ನಮ್ಮದೇ ಟ್ರೈಲರಿನ ಮಗ್ಗುಲು. ಹಾರ್ನುಗಳು ಶುರುವಾದವು. ಸೊಪ್ಪು ಮಾರುವ ಹೆಂಗಸು ತನ್ನ ಪುದೀನ ಕಟ್ಟುಗಳನ್ನು ಮಡಿಲಿಗೆ ಎಳೆದುಕೊಂಡು, “ಏನ್ ಸಾರ್, ಬರ್ತಾ ಇದೀರಾ, ಹೋಗ್ತಾ ಇದೀರಾ?” ಎಂದು ಕೇಳಿದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ. ನನಗೂ ತಿಳಿದಿರಲಿಲ್ಲ.

ಒಬ್ಬ ಪೊಲೀಸಿನವರು ಬಂದರು. ಫೋಟೊ ತೆಗೆಯಲೆಂದು ಮುಂದೆ ಹೋಗಿ ಜೀಪಿನ ನಂಬರ್ ನೋಡಿದರು, ಹಿಂದೆ ಬಂದು ಟ್ರೈಲರಿನ ನಂಬರ್ ನೋಡಿದರು, ಮತ್ತೆ ಮುಂದೆ ಹೋದರು. “ಇದು ಒಂದ್ ಗಾಡಿನಾ ಎರಡ್ ಗಾಡಿನಾ ಸಾರ್?” ಎಂದರು. ಷಣ್ಮುಗಂ ಕಿಟಕಿಯ ಕಡೆ ತಿರುಗಿ ತಾವು ನಮ್ಮ ಜೊತೆಯವರಲ್ಲ ಎಂಬಂತೆ ಕೂತರು.

ಆಗ ಹಿಂದಿನ ಸೀಟಿನಿಂದ ಗಿರಿಜಾಳ ದನಿ ಬಂತು. “ರೀ, ನೀವು ಕೆಳಗ ಇಳೀರಿ.”

ಇಳಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ಮೊದಲು ಸ್ವಲ್ಪ ಮುಂದೆ ತಂದು ಎರಡನ್ನೂ ನೇರ ಮಾಡಿಕೊಂಡಳು. ಆಮೇಲೆ ಸ್ಟೇರಿಂಗಿನ ಕೆಳಭಾಗ ಹಿಡಿದು, ಅವಸರವಿಲ್ಲದೆ, ಇಷ್ಟಿಷ್ಟೇ ತಿರುಗಿಸುತ್ತಾ ಹಿಂದಕ್ಕೆ ಬಿಟ್ಟಳು. ಟ್ರೈಲರ್ ಒಂದು ಪುದೀನ ಎಲೆಯನ್ನೂ ಮುಟ್ಟದೆ ಅಡ್ಡರಸ್ತೆಯೊಳಗೆ ಹೋಗಿ ನಿಂತಿತು. ಟ್ಯಾಂಕರಿನವನು ಹೋಗುವಾಗ ಕೈ ಎತ್ತಿದ. ಪೊಲೀಸಿನವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು “ಮೇಡಂ ಕೈಲೇ ಕೊಡಿ ಸಾರ್ ಗಾಡಿ” ಎಂದರು.

“ಯಾವಾಗ ಕಲಿತೆ?” ಎಂದು ಕೇಳಿದೆ.

“ನೀವು ಬಾಡಿಗಿನೋ ಸ್ವಂತದ್ದೋ ಅಂತ ಕೇಳ್ಕೋತ ಅಡ್ಡಾಡೂ ಹೊತ್ತಿನ್ಯಾಗ. ಅಂಕಲ್ ಚರ್ಚಿನ ಗ್ರೌಂಡಿನ್ಯಾಗ ಅವರ ಗೆಳೆಯಾರ ಗಾಡಿ ತರಿಸಿ ಕಲಿಸಿದ್ರು. ಯಾವ್ದರೆ ಇರ್ಲಿ, ಓಡಸೂದು ಬರಬೇಕಲ್ರಿ” ಎಂದಳು. ನಂತರ ಷಣ್ಮುಗಂ ಕಡೆ ತಿರುಗಿ, “ಅಣ್ಣಾರ, ಜೀಪು ನಾವ ತಗೋತೀವ್ರಿ” ಎಂದು ಹೇಳಿ ಜೀಪನ್ನು ಮನೆಯ ಕಡೆ ತಿರುಗಿಸಿದಳು. ನಾನು ಹಿಂದಿನ ಸೀಟಿಗೆ ಹತ್ತಿಕೊಂಡೆ.

ನಾವು ಮಾಡಿದ್ದು ಸರಿಯೇ? ಇವತ್ತಿಗೂ ನನಗೆ ಖಚಿತವಿಲ್ಲ. ಜೀಪು ಸೈಟಿನಲ್ಲಿ ಸುಮ್ಮನೆ ನಿಂತು ಅದರ ಮೇಲೆ ಹೊಂಗೆಯ ಎಲೆ ಉದುರಿರುವುದನ್ನು ಕಂಡಾಗ ಪ್ರಕಾಶ ಸರಿ ಎನ್ನಿಸುತ್ತದೆ. ಮದುವೆಯ ತಿಂಗಳುಗಳಲ್ಲಿ ಎಲ್ಲೋ ನಾದಸ್ವರ ಕೇಳಿದಾಗ ರೆಡ್ಡಿಯವರು ಸರಿ ಎನ್ನಿಸುತ್ತದೆ. ರೆಡ್ಡಿಯವರು ತಮ್ಮ ತೋಟಕ್ಕೆ ಗೊಬ್ಬರ ಸಾಗಿಸಲು ಆಗಾಗ ನಮ್ಮ ಜೀಪನ್ನೇ ಕೇಳಿ ಪಡೆಯುತ್ತಾರೆ, ಬಾಡಿಗೆಯ ಮಾತು ಎತ್ತುವುದಿಲ್ಲ. ಅವರ ಸಿದ್ಧಾಂತ ಅವರಿಗೆ ಸ್ಪಷ್ಟವಾಗಿದೆ. ದೋಸೆಯವರಿಗೆ ಆ ಜಾಗ ಮಾತ್ರ ಸಿಗಲಿಲ್ಲ.

ಸಂತೆಯ ದಿನ ಗಿರಿಜಾ ಓಡಿಸುತ್ತಾಳೆ, ಅವಳೇ ರೊಟ್ಟಿ ಬಡಿಯುತ್ತಾಳೆ. ನಾನು ಏಪ್ರನ್ ಕಟ್ಟಿಕೊಂಡು ಹೊರಗೆ ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚುತ್ತೇನೆ. ಮೊನ್ನೆ ಒಬ್ಬರು ಹೊಸ ಗಿರಾಕಿ, ರೊಟ್ಟಿ ಮುರಿಯುತ್ತಾ ಜೀಪನ್ನೂ ಟ್ರೈಲರನ್ನೂ ಬಹಳ ಹೊತ್ತು ನೋಡಿದರು. ಅವರ ಮನೆಯಲ್ಲೂ ಏನೋ ಇಂಥದೇ ಯೋಚನೆ ನಡೆದಿತ್ತೆಂದು ಕಾಣುತ್ತದೆ. “ಮೇಡಂ, ಇದೆಲ್ಲಾ ಬಾಡಿಗೆದಾ, ಸ್ವಂತದ್ದಾ?” ಎಂದು ಕೇಳಿದರು.

“ಎರಡೂ ಸ್ವಂತದ್ದ್ರಿ” ಎಂದಳು ಗಿರಿಜಾ.

ಅವರ ಕಣ್ಣು ನನ್ನ ಮೇಲೆ ಬಂತು. ದನಿ ತಗ್ಗಿಸಿ ಕೇಳಿದರು, “ಈ ಹೆಲ್ಪರ್? ದಿನಗೂಲಿನಾ?”

ಗಿರಿಜಾ ತವೆಯ ಮೇಲಿನ ರೊಟ್ಟಿ ಮಗುಚಿದಳು. “ಇವರೂ ಸ್ವಂತದವ್ರ ಅದಾರ್ರಿ. ಬಾಡಿಗಿಯವ್ರಾಗಿದ್ರ ಒಂದ್ ಉಳ್ಳಾಗಡ್ಡಿ ಹೆಚ್ಚಾಕ ಇಷ್ಟ್ ಹೊತ್ತು ಬಿಡತಿದ್ನೇನ್ರಿ?”

ಆ ಮನುಷ್ಯ ನನ್ನತ್ತ ನೋಡಿ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ನನ್ನ ಕಣ್ಣಲ್ಲಿ ನೀರು ತುಂಬಿತ್ತು. ಅದು ಹೆಮ್ಮೆಗೋ, ಅವಮಾನಕ್ಕೋ, ಈರುಳ್ಳಿಗೋ ಎಂದು ಯಾರನ್ನಾದರೂ ಕೇಳಬೇಕು.