ಕೈ ಕಂಡರೆ ನಿಲ್ಲುವ ಯಂತ್ರ

ಹೆಂಡತಿ: ದೀಪಕ್ಕೆ ಹಾಕೋ ಸೆನ್ಸರ್ ತಂದು ಲೇತ್‌ಗೆ ಹಾಕ್ತೀನಿ ಅಂತೀರಲ್ಲ, ಕೈ ಏನು ನಿಮಗೆ ಬಿಟ್ಟಿ ಬಂದಿದ್ದಾ?

ಗಂಡ: ತಲೆ ಓಡಿಸು ಕಣೆ. ಮನುಷ್ಯ ಅಲ್ಲಾಡಿದ್ರೆ ಇದು ದೀಪ ಹಚ್ಚುತ್ತೆ. ವೈರು ಉಲ್ಟಾ ಕೊಟ್ರೆ, ಅಲ್ಲಾಡಿದ್ರೆ ಲೇತ್ ಆಫ್ ಮಾಡುತ್ತೆ.

ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನ ಮುಂದೆ ಅರ್ಧ ಗಂಟೆಯಿಂದ ಇದೇ ನಡೆದಿತ್ತು. ಗಂಡ ಮನೆಯ ಹಿಂದಿನ ಕೋಣೆಯಲ್ಲಿ ಲೇತ್ ಇಟ್ಟುಕೊಂಡು ಕಬ್ಬಿಣ ಕಡೆಯುವವನು. ಹೋದ ವಾರ, ಕಬ್ಬಿಣವನ್ನು ಕಚ್ಚಿ ಹಿಡಿದು ಗರಗರ ತಿರುಗುವ ಅದರ ಚಕ್ಕು ಅವನ ಅಂಗಿಯ ತೋಳನ್ನು ಹಿಡಿದೆಳೆಯಿತು. ಅಂಗಿ ಹಳೆಯದಾಗಿದ್ದರಿಂದ ಹರಿಯಿತು, ಕೈ ಉಳಿಯಿತು. ಅವತ್ತೇ ಹೆಂಡತಿ ಕೋಣೆಗೆ ಬೀಗ ಜಡಿದಳು. ಕೈ ಹತ್ತಿರ ಬಂದರೆ ಯಂತ್ರ ನಿಲ್ಲುವ ಏರ್ಪಾಡಾಗುವ ತನಕ ಬಾಗಿಲು ತೆಗೆಯುವುದಿಲ್ಲವೆಂದು ಅಪ್ಪಣೆಯಾಯಿತು. ಗಂಡ ಅಪ್ಪಣೆಗೆ ತಲೆಬಾಗಿ, ಅದನ್ನು ಅಂಗಡಿಯ ಅತಿ ಅಗ್ಗದ ಪೆಟ್ಟಿಗೆಯಲ್ಲಿ ಮುಗಿಸಲು ಹೊರಟಿದ್ದ.

ಅಂಗಡಿಯವ: ಎಲ್ಲಾದಕ್ಕೂ ಆಗುತ್ತೆ ಸಾರ್. ಪೆಟ್ಟಿಗೆ ಮೇಲೇ ಬರೆದಿದೆ, ‘ಸಕಲ ಬಳಕೆಗೆ’ ಅಂತ.

ಹಾಗೆ ಅಚ್ಚು ಹಾಕಿಸಿದ ಮಹನೀಯರು ಯಾರೂ ಆ ಪೆಟ್ಟಿಗೆಯನ್ನು ನಂಬಿ ತಮ್ಮ ಬೆರಳನ್ನು ಯಂತ್ರದ ಬಾಯಿಗೆ ಕೊಟ್ಟವರಲ್ಲ. ಕೊಡುವ ಬೆರಳು ಯಾವಾಗಲೂ ಕೊಳ್ಳುವವನದೇ.

ಹೆಂಡತಿ: ಚಕ್ಕೂ ಅಲ್ಲಾಡುತ್ತಲ್ಲ. ಅದನ್ನ ನೋಡೇ ಆಫ್ ಆಗಲ್ವಾ?

ಅಂಗಡಿಯವ: ಇಲ್ಲಮ್ಮ, ಇದು ನೋಡೋದು ಮೈ ಬಿಸಿ. ಬಿಸಿ ಇರೋರು ಅಲ್ಲಾಡಿದ್ರೆ ಮಾತ್ರ.

ಹೆಂಡತಿ: ಹಾಗಾದ್ರೆ ಇವರು ಎದುರಿಗೆ ನಿಂತು ಕೆಲಸ ಮಾಡೋದು ಹೇಗೆ?

ಗಂಡ: ಅಲ್ಲಾಡದೆ ಮಾಡ್ತೀನಿ.

ಹೆಂಡತಿ: ಮಲಗಿದಾಗಲೇ ಇಡೀ ಹಾಸಿಗೆ ಸುತ್ತಿ ಬರೋರು ನೀವು.

ಗಂಡ ದಾರಿ ಬದಲಿಸಿದ. ಸೆನ್ಸರಿನ ಮುಂದೆ ರಟ್ಟು ಅಡ್ಡ ಕೊಟ್ಟು, ಚಕ್ಕಿನ ಕಡೆಗಷ್ಟೇ ಸಣ್ಣ ತೂತು ಬಿಟ್ಟರಾಯಿತು ಎಂದ. ಆಗುತ್ತೆ ಎಂದ ಅಂಗಡಿಯವ. ದಪ್ಪನೆಯ ಕೈಗವಸು ಹಾಕಿಕೊಂಡರೆ ಕೈಯ ಬಿಸಿ ಅದಕ್ಕೆ ಕಾಣುವುದೇ ಇಲ್ಲ ಎಂದ ಗಂಡ. ಅದೂ ಆಗುತ್ತೆ. ಹಾಗಾದರೆ ಕೈ ಚಕ್ಕಿನೊಳಗೆ ಹೋದರೂ ಕಾಣುವುದಿಲ್ಲವಲ್ಲ ಎಂದು ಹೆಂಡತಿ ಕೇಳಿದಳು. ಅಂಗಡಿಯವ ರೂಢಿಬಲದಿಂದ ಅದೂ ಆಗುತ್ತೆ ಎಂದುಬಿಟ್ಟ.

ರಿಪೇರಿಗೆ ಬಂದ ಟೇಬಲ್ ಫ್ಯಾನೊಂದು ಜಾಲರಿ ಕಳಚಿಕೊಂಡು ಕೌಂಟರಿನ ಮೇಲೆ ತಿರುಗುತ್ತಿತ್ತು. ರೆಕ್ಕೆ ತಗಡಿನದು.

ಹೆಂಡತಿ: ನಿಮ್ಮ ಸೆನ್ಸರ್‌ನ ಆ ಫ್ಯಾನಿಗೆ ಹಾಕಿ, ಬೆರಳು ಒಳಗಿಡಿ. ನಿಂತ್ರೆ ಹತ್ತು ಪೆಟ್ಟಿಗೆ ತಗೋತೀನಿ.

ಅಂಗಡಿಯವನ ಎರಡೂ ಕೈಗಳು ತಾವಾಗಿಯೇ ಜೇಬಿಗೆ ಇಳಿದವು.

ಅಂಗಡಿಯವ: ಹೆಂಡ್ತಿ ಮಕ್ಕಳಿರೋನು ನಾನು, ಅಮ್ಮ.

ಹೆಂಡತಿ: ಇವರಿಗೇನು ಇಲ್ವಾ?

ಅಂಗಡಿಯವ: (ದನಿ ತಗ್ಗಿಸಿ) ನಿಜ ಹೇಳ್ತೀನಿ, ಇದು ದೀಪಕ್ಕೇ ಸರಿ. ನಿಮಗೆ ಬೇಕಿರೋದು ಚಕ್ಕಿನ ಮೇಲೊಂದು ಮುಚ್ಚಳ, ಅದಕ್ಕೊಂದು ಸ್ವಿಚ್ಚು. ಮುಚ್ಚಳ ಹಾಕದೆ ಮೆಷಿನ್ ಶುರುನೇ ಆಗಲ್ಲ. ಮುಚ್ಚಳ ಸಾರೇ ಮಾಡ್ಕೋಬಹುದು, ಸ್ವಿಚ್ಚು ಈ ಪೆಟ್ಟಿಗೆಗಿಂತ ಅಗ್ಗ.

ಹೆಂಡತಿ: ಇಷ್ಟೊತ್ತು ಯಾಕೆ ಹೇಳಲಿಲ್ಲ?

ಅಂಗಡಿಯವ: ಸಾರ್ ಅಷ್ಟು ಖುಷಿಯಾಗಿದ್ರು.

ಅಗ್ಗವೆಂಬ ಮಾತು ಕಿವಿಗೆ ಬಿದ್ದದ್ದೇ ಗಂಡ ಬೀಗದ ಕೈಗಾಗಿ ಅಂಗೈ ಚಾಚಿದ. ಮೊದಲು ಮುಚ್ಚಳ, ಆಮೇಲೆ ಬಾಗಿಲು ಎಂದಳು ಹೆಂಡತಿ.

ಗಂಡ: ಮುಚ್ಚಳ ಸಿಕ್ಕಿಸೋ ಪಿನ್ನು ಕಡೆಯೋಕೆ ಲೇತ್ ಬೇಕು ಕಣೆ. ಲೇತ್ ನಿನ್ನ ಬೀಗದೊಳಗಿದೆ.

ಹೆಂಡತಿ: ಆ ಪಿನ್ನು ನಾನು ಕಡೀತೀನಿ. ಹತ್ತು ವರ್ಷದಿಂದ ನೋಡ್ತಿದೀನಿ. ನೀವು ಹೊರಗೆ ನಿಂತು ಹೇಳ್ತಾ ಇರಿ.

ಚಾಚಿದ ಅಂಗೈ ಅಲ್ಲೇ ನಿಂತಿತು.

ಗಂಡ: ಮುಚ್ಚಳ ಇಲ್ಲದ ಲೇತಲ್ಲಿ? ನೀನು? ಇಷ್ಟುದ್ದ ಕೂದಲು, ಒಂದೇ ಒಂದು ಎಳೆ ಸುತ್ಕೊಂಡ್ರೆ ಗತಿ ಏನು?

ಹೆಂಡತಿ: ನೀವು ದಿನಾ ನಿಲ್ಲೋ ಜಾಗ ಅಲ್ವಾ ಅದು.

ಗಂಡ ಅಂಗಡಿಯವನ ಕಡೆ ತಿರುಗಿದ.

ಗಂಡ: ರೆಡಿಮೇಡ್ ಮುಚ್ಚಳ ಇದೆಯೇನ್ರಿ?

ಅಂಗಡಿಯವ: ಇದೆ. ಸೆನ್ಸರಿನ ಎಂಟರಷ್ಟಾಗುತ್ತೆ ಸಾರ್.

ಗಂಡ: ರೇಟು ಯಾರ್ರೀ ಕೇಳಿದ್ರು? ಇವಳು ಮನೆಗೆ ಹೊರಡೋದ್ರೊಳಗೆ ಕಟ್ಟಿಕೊಡ್ರಿ.