ಅವ್ವನಿಗೆಂದು ತಂದ ದೊಡ್ಡ ಗಾಡಿ

ದೊಡ್ಡ ಗಾಡಿ ಕಂಡರೆ ನನಗೆ ಭಕ್ತಿಯೇ ಬಂದುಬಿಡುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಹಾಸನದ ರಸ್ತೆಯಲ್ಲಿ ಎಸ್‌ಯುವಿಯೊಂದು ಎದುರಾದರೆ ಸ್ಕೂಟರನ್ನು ಪಕ್ಕಕ್ಕೆ ಹಾಕಿ ಬಾಯಿ ಬಿಟ್ಟುಕೊಂಡು ನೋಡುತ್ತೇನೆ. ಅದೇನು ಎತ್ತರ, ಅದೇನು ಗತ್ತು! ವರ್ಷವರ್ಷಕ್ಕೂ ಇವು ಬೆಳೆಯುತ್ತಲೇ ಇವೆ. ಬೆಳವಣಿಗೆ ನಿಂತದ್ದು ನನ್ನದೊಂದೇ, ಅದೂ ಹೈಸ್ಕೂಲಿನಲ್ಲಿ. ಹಿಂದೆ ಚನ್ನರಾಯಪಟ್ಟಣದ ಮದುವೆಗೆ ಒಂದೇ ವ್ಯಾನಿನಲ್ಲಿ ಹದಿಮೂರು ಜನ, ಎರಡು ಹಲಸಿನಹಣ್ಣಿನ ಸಮೇತ ಹೋಗಿದ್ದೆವು. ಈಗ ಅದರ ಎರಡರಷ್ಟು ದೊಡ್ಡ ಗಾಡಿಯಿಂದ ಒಬ್ಬರೇ ಇಳಿದು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಂಡು ಹೋಗುತ್ತಾರೆ. ಆ ವೈಭವಕ್ಕೆ ನಾನು ಸೋತೆ.

ಅವ್ವನಿಗೆ ಮಂಡಿನೋವು, ಬಸ್ಸು ಹತ್ತಲಾರಳು ಎಂದು ಹೆಂಡತಿಗೆ ನೆಪ ಹೇಳಿ ನಾನೂ ಅಂಥದ್ದೊಂದನ್ನು ತಂದೆ. ನಮ್ಮ ಮನೆಯಲ್ಲಿ ಹೊಸ ಗಾಡಿಗೆ ಹಿರಿಯರು ಮೊದಲು ಹತ್ತಿ ಕೂರಬೇಕು. ಆಮೇಲೆ ಚಕ್ರ ನಿಂಬೆಹಣ್ಣಿನ ಮೇಲೆ ಹರಿದು ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಕಡೆ ಹೊರಡಬೇಕು. ಅವ್ವ ಒಳ್ಳೆಯ ಸೀರೆಯುಟ್ಟು ಹೊಳೆನರಸೀಪುರದ ನಮ್ಮ ಬೀದಿಗಿಳಿದು ತಲೆಯೆತ್ತಿ ನೋಡಿದಳು.

"ಅಯ್ಯೋ ಸಿವನೆ! ಗಾಡಿ ಅಂದ್ಬುಟ್ಟು ಅಟ್ಟ ತಂದಿದ್ದೀಯಲ್ಲೋ ಮಗ!"

ಮಣೆ ಇಟ್ಟೆವು, ಸಾಲಲಿಲ್ಲ. ಪ್ಲಾಸ್ಟಿಕ್ ಸ್ಟೂಲು ತಂದೆವು. ನಾನು ಒಳಗಿನಿಂದ ಎಳೆದೆ, ಹೆಂಡತಿ ಹಿಂದಿನಿಂದ ನೂಕಿದಳು. "ಬುಡ್ಲಾ, ತೋಳು ಕಿತ್ತು ಬತ್ತದೆ!" ಎಂದು ಅವ್ವ ಕೂಗಿದಾಗ ಇಡೀ ಬೀದಿ ಬಾಗಿಲಿಗೆ ಬಂದಿತ್ತು. ಅವಳಿಗಾಗಿ ತಂದ ಗಾಡಿಯಲ್ಲಿ ಅವಳೇ ಕೂರದಿದ್ದರೆ ಹೇಗೆ? ನನಗೆ ಅಳುವೇ ಬಂತು.

ಪಕ್ಕದ ಮನೆಯ ರಂಗಪ್ಪ ತನ್ನ ಹಳೇ ವ್ಯಾನಿನ ಬಾಗಿಲನ್ನು ಸರ‍್ರನೆ ಸರಿಸಿದ. "ಬಾ ಅತ್ತೆ, ಇದ್ರಲ್ಲಿ ಓಗಾನ. ವಸ್ಲು ದಾಟ್ದಂಗೆ ಕಣವ್ವ."

ಅವ್ವ ದಾಟಿ ಕೂತೇಬಿಟ್ಟಳು. ನನ್ನ ಮುಖ ನೋಡಿ, "ನೀನೇ ಮೊದ್ಲು ಕೂತ್ಕಳ್ಳಾ. ಐವತ್ತಾರು ತುಂಬ್ತು, ನೀನೂ ಇರೀಕನೆಯ," ಅಂದಳು. ಸಮಾಧಾನಕ್ಕೆ ಹೇಳಿದ್ದು, ಆದರೂ ಚುಚ್ಚಿತು. ಮಾತಿಗೆ ಜೊತೆ ಬೇಕೆಂದು ಹೆಂಡತಿಯೂ ವ್ಯಾನನ್ನೇ ಸೇರಿದಳು. ಏಳು ಸೀಟಿನ ಗಾಡಿಯಲ್ಲಿ ನಾನೊಬ್ಬನೇ, ಆ ವ್ಯಾನಿನ ಹೊಗೆ ನೋಡುತ್ತಾ ಹಿಂಬಾಲಿಸಿದೆ.

ದೇವಸ್ಥಾನವನ್ನು ನಾನು ಮುಟ್ಟುವಷ್ಟರಲ್ಲಿ ಅವ್ವ ಆಗಲೇ ಇಳಿದು, ಹೂವಿನವಳಿಗೆ ನನ್ನ ಗಾಡಿ ತೋರಿಸುತ್ತಿದ್ದಳು. "ನೋಡವ್ವ, ಎಷ್ಟು ದೊಡ್ಡದು ತಗಂಡವ್ನೆ ನನ್ನ ಮಗ! ನಂಗೋಸ್ಕರ!" ಅವಳ ಕಣ್ಣಲ್ಲಿ ನನ್ನದೇ ಬೆರಗು. ಎದೆಯುಬ್ಬಿಸಿ ಬಾಗಿಲು ತೆರೆದು ಕಾಲು ಇಳಿಬಿಟ್ಟೆ. ನೆಲ ಸಿಗಲಿಲ್ಲ, ಸ್ಟೂಲು ಮನೆಯಲ್ಲೇ ಉಳಿದಿತ್ತು. ಮಂಡಿ ಚಳಕ್ಕೆಂದಿತು. ಅತ್ತ ಹತ್ತಲಾರದೆ, ಇತ್ತ ಇಳಿಯಲಾರದೆ ನೇತಾಡುತ್ತಿದ್ದವನ ಹತ್ತಿರ ಅವ್ವ ಕುಂಟುತ್ತಾ ಬಂದು ಕೈ ಚಾಚಿದಳು.

"ಇಡ್ಕ ಮಗ. ನಿಧಾನಕ್ಕಿಳಿ, ಬಿದ್ದ್‌ಗಿದ್ದೀಯ."